ಒಂಬತ್ತನೇ ನಂಬರಿಗೆ ಕರಿ ಗರಿ

ಸಿಲೇಸಿಯಾ
4 ಡಿಸೆಂಬರ್ 2000, ಗಣಿಯವರನ್ನು ಕಾಯುವ ಬಾರ್ಬರಾ ತಾಯಿಯ ಹಬ್ಬದ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಇಲ್ಲ, ನಾನು ಒಪ್ಪುವುದಿಲ್ಲ! "ಒಂದು ದಿನಾನೂ ಗಣಿಗೆ ಇಳೀದ ನನಗೆ ಗಣಿಯೋರ ಟೋಪಿ ಯಾಕೋ?" ಅಂತ ಗುಡುಗಿ ಎದ್ದು ಹೋದಿರಲ್ಲ, ಅದಕ್ಕೆ ಇದು ಉತ್ತರ. ಮೂರು ದಿನ ತಡವಾಯಿತು, ಕ್ಷಮಿಸಿ. ಎದುರಿಗೆ ನಿಂತರೆ ಯಾವಾಗಲೂ ನಿಮ್ಮ ಮಾತೇ ಮೇಲಾಗುತ್ತದೆ. ಈಗ ನೀವು ಅಟ್ಟದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದೀರಿ, ನಾನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹಬ್ಬದ ದಿನ "ದೇವರು ಒಳ್ಳೆಯದು ಮಾಡಲಿ" ಅನ್ನುವುದನ್ನೂ ಮರೆತೆ. ಮಾಡಲಿ!

ಹೌದು, ಹನ್ನೆರಡು ವರ್ಷ ನಿಮ್ಮ ಹೆಸರು ಗಣಿಯ ಹಾಜರಿಯಲ್ಲಿತ್ತು, ಕಾಲು ಫುಟ್‌ಬಾಲ್ ಮೈದಾನದಲ್ಲಿತ್ತು, ಬೆನ್ನ ಮೇಲೆ ಒಂಬತ್ತನೇ ನಂಬರಿತ್ತು. ಆಗ ಎಲ್ಲ ಗಣಿಗಳೂ ತಮ್ಮ ತಂಡದ ಆಟಗಾರರನ್ನು ಹಾಗೇ ಗಣಿಯ ಸಂಬಳ ಕೊಟ್ಟು ಸಾಕುತ್ತಿದ್ದವು. "ಪೋಲೆಂಡಿಗೇ ಉಗುರು ಬೆಳ್ಳಗಿರೋ ಗಣಿಯೋನು ನಮ್ಮ ಗೆರಾರ್ಡ್" ಅಂತ ಊರು ನಗುತ್ತಿತ್ತು. ನಿಮಗೆ ಆ ನಗುವಷ್ಟೇ ಕೇಳಿಸಿತು.

ನಿನ್ನೆ ಬಿಯರಿನಂಗಡಿಯಲ್ಲಿ ಮುದುಕ ಎರ್ವಿನ್ ಸಿಕ್ಕಿದ. ನಿಮ್ಮ ಕಾಲದಲ್ಲಿ ಅವನು ಕೆಳಗಿನ ಪಾಳಿಯ ಮೇಸ್ತ್ರಿ.

"ಲೋ ಬೆನೆಕ್, ನಾವು ಒಂದು ಮ್ಯಾಚನ್ನೂ ನೋಡ್ಲಿಲ್ಲ ಕಣೋ. ಭಾನುವಾರಾನೂ ಕಲ್ಲಿದ್ದಲು ಅಗೀಬೇಕಿತ್ತು. ಮೇಲಿಂದ ಟೆಲಿಫೋನ್ ಹುಡುಗಿ ಫೋನ್ ಮಾಡೋಳು. 'ಗೆರಾರ್ಡ್ ಹೊಡ್ದ!' ಅಷ್ಟೇ. ಸಲಿಕೆ ತಗೊಂಡು ಪೈಪಿಗೆ ಬಡೀತಿದ್ವಿ. ಇಡೀ ಗಣಿ ಚರ್ಚಿನ ಗಂಟೆ ಆಗೋಗೋದು!"

"ನೋಡದೇ ಇರೋ ಗೋಲಿಗೆ ಅಷ್ಟು ಕುಣಿಯೋದಾ?" ಅಂದೆ.

"ನೋಡಿದೋರಿಗೆ ಒಂದೇ ಗೋಲು. ನಮಗೆ ತಲೆಗೊಂದು! ಒಬ್ಬ ಮನಸ್ಸಲ್ಲೇ ಅದನ್ನ ತಲೆಯಿಂದ ಹೊಡೆಸೋನು, ನಾನು ಎಡಗಾಲಿಂದ ಹೊಡೆಸ್ತಿದ್ದೆ."

"ಅಪ್ಪಂದು ಎಡಗಾಲು ಮರದ ಕೊರಡು ಅಂತಾರಲ್ಲ ಎಲ್ರೂ?"

"ಮೇಲೆ ಕೊರಡೇ ಇರಬೌದು. ಕೆಳಗೆ ಚೆನ್ನಾಗೇ ಓಡ್ತಿತ್ತು, ಹೋಗೋ!"

ಕೇಳಿದಿರಾ? ನಿಮ್ಮ ಎಡಗಾಲಾದರೂ ಗಣಿಗೆ ಇಳಿದಿತ್ತು ಅಪ್ಪಾ!

ಮುಂದಿನ ತಿಂಗಳು ಗಣಿ ಮುಚ್ಚುತ್ತದೆ. ನನ್ನ ಕೆಲಸವೂ ಹೋಗುತ್ತದೆ, ಅದು ಬಿಡಿ, ಆಮೇಲಿನ ಮಾತು. ಇವತ್ತಿನದು ಗಣಿಯವರ ಕೊನೆಯ ಹಬ್ಬದ ಮೆರವಣಿಗೆ. ಇವತ್ತು ತಪ್ಪಿದರೆ ಈ ಟೋಪಿ ಇಟ್ಟುಕೊಳ್ಳಲು ಇನ್ನೊಂದು ದಿನ ಇಲ್ಲ. ಮುಂದಿನ ಸಾಲಿನಲ್ಲಿ ನಿಮಗಾಗಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ. "ಅವನು ಬರದಿದ್ರೆ ಆ ಜಾಗ ಹಂಗೇ ಖಾಲಿ ನಡೀತದೆ" ಅಂದ ಎರ್ವಿನ್. ವಾದ್ಯದವರು ಬೀದಿಯ ತುದಿಗೆ ಬಂದೇಬಿಟ್ಟರು, ಕಿಟಕಿಯ ಗಾಜು ಅದುರುತ್ತಿದೆ, ನನ್ನ ಅಕ್ಷರ ನೋಡಿ, ಅದೂ ಅದುರುತ್ತಿದೆ! ಗಣಿಯವರ ಕರಿ ಗರಿಯ ಟೋಪಿ ಮೇಜಿನ ಮೇಲಿದೆ. ಧೂಳು ಒರೆಸಿದ್ದೇನೆ.

ಬಾರ್ಬರಾ ತಾಯಿ ನಿಮ್ಮ ಮಂಡಿಯನ್ನೂ ಪಾರಿವಾಳಗಳನ್ನೂ ಕಾಯಲಿ.

ನಿಮ್ಮ ಮಗ,
ಬೆನೆಕ್

ಮತ್ತೊಂದು ಮಾತು: ಟೋಪಿ ಯಾರದೆಂದು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅದು ಎವಾಲ್ಡ್ ಮಾವನದು. ನೀವು ಎರಡು ಗೋಲು ಹೊಡೆದ ಆ ಭಾನುವಾರ, ಪಾಳಿಯಲ್ಲಿ ನಿಮ್ಮ ಹೆಸರಿದ್ದ ಜಾಗಕ್ಕೆ ನಿಮ್ಮ ಬದಲು ಇಳಿದು ಬಂಡೆಯಡಿ ಸಿಕ್ಕು ಸತ್ತವರದು. ಹಿಲ್ಡಾ ಅತ್ತೆ ತಾವೇ ಗಂಡನ ಟೋಪಿ ತಂದು ಕೊಟ್ಟರು. "ಇಪ್ಪತ್ತು ವರ್ಷದಿಂದ ನಿಮ್ಮಪ್ಪ ನನ್ನ ಕಂಡ್ರೆ ಬೀದಿ ದಾಟ್ತಾನೆ. ನನ್ನ ಎವಾಲ್ಡ್‌ನ ಕೊಂದದ್ದು ಬಂಡೆ ಕಣೋ, ನಿಮ್ಮಪ್ಪನ ಕಾಲಲ್ಲ. ಮೊದಲನೇ ಗೋಲಿಗೆ ಎಲ್ಲರಿಗಿಂತ ಜೋರಾಗಿ ಪೈಪು ಬಡಿದೋನು ನನ್ನ ಗಂಡನೇ ಅಂತೆ. ಇದನ್ನ ಇಟ್ಕೊಂಡು ನನ್ನ ಪಕ್ಕ ನಡಿ ಅಂತ ನಿಮ್ಮಪ್ಪನಿಗೆ ಹೇಳು" ಅಂದರು.

ಅತ್ತೆ ಕೆಳಗೆ ಬೀದಿಯಲ್ಲಿ ಕಾಯುತ್ತಿದ್ದಾರೆ. ಅಟ್ಟದ ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಕೇಳುತ್ತಿದೆ. ನೀವು ಇದನ್ನು ಒಬ್ಬರೇ ಓದಬೇಕು, ಅದಕ್ಕೇ ಹೊರಟೆ. ಬಾಗಿಲು ಎಳೆದುಕೊಂಡು ಹೋಗುತ್ತೇನೆ.