ತವರು ಸೆಲ್ಲು

ಕಪ್ಪತಗುಡ್ಡದ ಪಡುವಣ ಇಳಿಜಾರು,
ಇಸವಿ ಎರಡು ಸಾವಿರದ ಇನ್ನೂರ ಹದಿನೆಂಟು, ಎರಡನೆಯ ಧೂಳುಗಾಲ

ತಂತಿಯ ಕಾಲದ ಹಿರಿಯರಿಗೆ ಗಂಗಮಾಳವ್ವನ ಶರಣು.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಮನೆಗಳಿಗೆ ಎಲ್ಲಿಂದಲೋ ತಂತಿಯಲ್ಲಿ ಕರೆಂಟು ಬರುತ್ತಿತ್ತಂತೆ, ನೀವು ಅದನ್ನು ಬೈಯುತ್ತಲೂ ಇದ್ದಿರಂತೆ. ನಮ್ಮಲ್ಲಿ ಹಾಗೆ ಬೈಯಲು ಯಾರೂ ಇಲ್ಲ. ಪ್ರತಿ ಮನೆಯ ಮಾಳಿಗೆಯ ಮೇಲೆ ಬಿಸಿಲುಹಲಗೆಗಳಿವೆ, ಗೋಡೆಯೊಳಗೆ ಬ್ಯಾಟರಿಗೂಡು ಇದೆ. ಗೂಡಿನಲ್ಲಿ ಸೆಲ್ಲುಗಳನ್ನು ಒಂದಕ್ಕೊಂದು ಸರಪಳಿಯಂತೆ ಕೂಡಿಸಿರುತ್ತೇವೆ. ಬೆಳಿಗ್ಗೆ ಎದ್ದು ಹಲಗೆಯ ಧೂಳು ಒರೆಸಿದ ಮೇಲೆಯೇ ಚಹಾ. ಧೂಳುಗಾಲದಲ್ಲಿ ದಿನಕ್ಕೆ ಎಷ್ಟು ಸಲ ಒರೆಸಿದರೂ ಸೂರ್ಯ ಮುಖ ತೋರಿಸುವುದಿಲ್ಲ. ಆಗ ಗೂಡಿನಲ್ಲಿ ಉಳಿದದ್ದರಲ್ಲೇ ಬದುಕಬೇಕು.

ಬೆಳಕಿಲ್ಲದೆ ಹೇಗಾದರೂ ಇರುತ್ತೇವೆ. ಆದರೆ ಧೂಳು ಕುಡಿದ ಎದೆಯವರು ಉಸಿರುಪೆಟ್ಟಿಗೆಯಿಲ್ಲದೆ ನಿದ್ದೆ ಮಾಡಲಾರರು. ಮಲಗಿದಾಗ ಗಾಳಿ ಸೋಸಿ ಎದೆಗೆ ತುಂಬುವ ಯಂತ್ರ ಅದು. ನನ್ನ ಮಗ ಫಕೀರೇಶನಿಗೆ ಅದು ಬೇಕಿತ್ತು. ಮಗಳು ನಿಂಬೆವ್ವನಿಗೂ ಬೇಕು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನ ಗೂಡಿನಿಂದ ಒಂದು ಸೆಲ್ಲು ತೆಗೆದು, ಕುಂಕುಮ ಹಚ್ಚಿ, ಉಡಿಗೆ ಹಾಕುತ್ತೇವೆ. ಅಳಿಯ ಅದನ್ನು ತನ್ನ ಗೂಡಿಗೆ ಕೂಡಿಸುತ್ತಾನೆ. ಎರಡು ಮನೆಯ ಬೆಳಕು ಒಂದಾಯಿತೆಂದು ಊಟ ಹಾಕುತ್ತಾರೆ. ನೋಡಲು ಬಹಳ ಚೆಂದ. ನಾನೂ ಹಾಗೆ ಬಂದವಳೇ.

ನನ್ನ ಸೊಸೆಯೂ ಒಂದು ಸೆಲ್ಲು ತಂದಳು. ಅವಳ ಅಜ್ಜಿಯ ಕಾಲದ್ದು, ಪಾಪ, ಪ್ರೀತಿಯಿಂದಲೇ ತಂದಿದ್ದಳು. ಮಗ ಅದನ್ನು ನಮ್ಮ ಗೂಡಿಗೆ ಕೂಡಿಸಿದ. ಆ ವರ್ಷದ ಧೂಳುಗಾಲದಲ್ಲಿ ಒಂದು ಬೆಳಿಗ್ಗೆ ಪೆಟ್ಟಿಗೆ ನಿಂತಿತ್ತು. ಮಗನ ಕೈ ತಣ್ಣಗಾಗಿತ್ತು. ಅವನ ದಿನಕರ್ಮಗಳು ಮುಗಿದ ಮೇಲೆ ನಾನು ಸೆಲ್ಲುಗಳನ್ನು ಬಿಚ್ಚಿ, ಬಿಸಿಲು ಕುಡಿಸಿ, ಒಂದೊಂದಕ್ಕೂ ಬೇರೆ ದೀಪ ಕಟ್ಟಿ ನೋಡಿದೆ. ಹೊಸವು ಮರುದಿನವೂ ಉರಿಯುತ್ತಿದ್ದವು. ತವರು ಸೆಲ್ಲು ಅನ್ನ ಬೇಯುವುದರೊಳಗೆ ಆರಿತು. ಎಳೆಯ ಹೋರಿಯ ಜೊತೆ ಮುದಿ ಎತ್ತನ್ನು ನೊಗಕ್ಕೆ ಕಟ್ಟಿದಂತೆ ಆಗಿತ್ತು. ಅದು ಕುಸಿದಾಗ ಉಳಿದವುಗಳ ಬಲ ಇದ್ದಲ್ಲೇ ಇದ್ದು, ನನ್ನ ಮಗನಿಗೆ ಮುಟ್ಟಲಿಲ್ಲ.

ಊರಿಗೆಲ್ಲ ಹೇಳಿದೆ. ಕೇಳಿಸಿಕೊಂಡರು, ತಲೆಯಾಡಿಸಿದರು. ನನ್ನ ತಂಗಿ ಪಾರ್ವತೆವ್ವ ಮಾತ್ರ ಬಾಯಿಬಿಟ್ಟು ಹೇಳಿದಳು: "ಒಂದು ಸೆಲ್ಲಿಂದ ಯಾರರ ಸಾಯ್ತಾರೇನಕ್ಕಾ? ಅವನ ಆಯುಷ್ಯ ಅಷ್ಟ ಇತ್ತು."

ಈ ವರ್ಷ ನಿಂಬೆವ್ವನ ಮದುವೆಯಾಯಿತು. ಸೀರೆ ಕೊಟ್ಟೆ, ಕಾಳು ಕೊಟ್ಟೆ, ಸೆಲ್ಲು ಕೊಡಲಿಲ್ಲ. ಮಗಳು ಬಾಗಿಲಲ್ಲಿ ನಿಂತು, "ಬರೇ ಉಡೀಲೆ ಕಳಸ್ತೀಯೇನಬೇ ಯವ್ವಾ? ಮಂದಿ ಮುಂದ ನಾ ಹೆಂಗ ತಲಿ ಎತ್ತಲಿ?" ಎಂದಳು. ಕಾರಣ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು. ಹೊರಟಾಗ ತಿರುಗಿ ನೋಡಲಿಲ್ಲ. ನನಗೆ ಬಹಳ ಸಂಕಟವಾಯಿತು, ಆದರೆ ಮಗಳು ಉಸಿರಾಡುತ್ತಾ ನನ್ನನ್ನು ಬೈದುಕೊಳ್ಳಲಿ ಎಂದು ಸಮಾಧಾನ ಮಾಡಿಕೊಂಡೆ.

ಮೊನ್ನೆ ಧೂಳು ಏಳುವ ಮುಂಚೆ ತಂಗಿ ಬಂದು ಹೋದಳು. ಮುಖದಲ್ಲಿ ದೊಡ್ಡ ಪುಣ್ಯ ಕಟ್ಟಿಕೊಂಡ ಕಳೆ.

"ನೀ ಕೊಡದಿದ್ರೇನಾತಕ್ಕಾ, ಮಗಳ ಮಾನ ನಾ ಉಳಿಸೀನಿ. ನಮ್ಮವ್ವನ ಕಾಲದ ಸೆಲ್ಲು ಕೊಟ್ಟು ಕಳಿಸಿದ್ದೆ. ಅಳಿಯಾ ಅವತ್ತ ಕೂಡಿಸ್ಯಾನ."

ನಾನು ಚಪ್ಪಲಿ ಮೆಟ್ಟಿ ಗುಡ್ಡದ ಕೆಳಗಿನ ಮಗಳ ಊರಿಗೆ ಹೊರಟೆ. ಊರಬಾಗಿಲು ದಾಟುವಷ್ಟರಲ್ಲಿ ಧೂಳು ಎದ್ದಿತು. ನಾಲ್ಕು ಜನ ಹಿಡಿದು ಎಳೆದು ತಂದರು. ಇನ್ನು ಧೂಳುಗಾಲ ಮುಗಿಯುವವರೆಗೆ ಗುಡ್ಡ ಇಳಿಯುವಂತಿಲ್ಲ, ಸುದ್ದಿ ಕಳಿಸಲು ದಾರಿಯಿಲ್ಲ. ಇಲ್ಲಿಯವರಿಗೆ ಹೇಳಿ ಸೋತೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮುಂದೆ ತಂತಿ ಸಾಯುವ ವರ್ಷ ನಿಮ್ಮಲ್ಲಿ ಯಾವಳೋ ತಾಯಿ ಮೊಟ್ಟಮೊದಲು ಗೂಡಿನಿಂದ ಒಂದು ಸೆಲ್ಲು ಕಿತ್ತು ಮಗಳ ಉಡಿಗೆ ಹಾಕುತ್ತಾಳೆ. ಅವಳು ಕೆಟ್ಟವಳಲ್ಲ. ಅವಳ ಕೈ ಹಿಡಿಯಿರಿ. ಕೊಡಲೇಬೇಕೆಂದರೆ ಆ ಸೆಲ್ಲಿಗೆ ಒಂದು ಪುಟ್ಟ ದೀಪ ಕಟ್ಟಿ ಕೊಡಲಿ, ಅದು ಒಂಟಿಯಾಗಿ ಉರಿಯಲಿ, ಗೂಡಿಗೆ ಮಾತ್ರ ಸೇರಿಸಬೇಡ ಎಂದು ಹೇಳಲಿ.

ಇವತ್ತೂ ಬಿಸಿಲು ಬೀಳಲಿಲ್ಲ. ಈಗ ಹೊತ್ತು ಮುಳುಗಿದೆ. ನಿಂಬೆವ್ವ ಪೆಟ್ಟಿಗೆಯ ನಳಿಗೆಯನ್ನು ಮೂಗಿಗೆ ಹಾಕಿಕೊಂಡು ಮಲಗುವ ಹೊತ್ತು.