ಏರು ಹತ್ತುವಾಗ ಗಾಜಿಗೆ ಹೋಗುವ ಗಾಳಿ

ರೀ,

ನಾವು ಮಲಗಿ ಎದ್ದು ಸುತ್ತಾಡೋ ಈ ಮನೆಗಾಡಿಯ ಎಸಿಗೆ ಗ್ಯಾಸ್ ತುಂಬಿಸೋಕೆ ಯಾರನ್ನೂ ಕರೀಬೇಡಿ. ಗ್ಯಾಸ್ ಖಾಲಿ ಅಂತ ದಾರಿಯುದ್ದಕ್ಕೂ ಹಟ ಹಿಡಿದಿರಿ. ಹಾಗಿದ್ದರೆ ಇಳಿಜಾರಲ್ಲಿ ಮುಖಕ್ಕೆ ತಣ್ಣಗೆ ಹೊಡೆಯೋ ಗಾಳಿ ಏರು ಹತ್ತುವಾಗ ಮಾತ್ರ ಎಲ್ಲಿ ಹೋಗುತ್ತೆ? ನಿನ್ನೆ ಕೈಯಿಟ್ಟು ನೋಡಿದೆ. ಅಷ್ಟೂ ಮುಂದಿನ ಗಾಜಿಗೆ ಹೋಗ್ತಿತ್ತು.

ಬೆಳಿಗ್ಗೆ ಬಾನೆಟ್ ಎತ್ತಿದೆ. ಬ್ಯಾಟರಿ ಹಿಂದೆ ಕಡ್ಡಿಯಷ್ಟು ಸಣ್ಣ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆ. ಇಂಜಿನ್ ಅದರ ಮೂಲಕ ಹೀರಿ ಎಸಿಯೊಳಗಿನ ಮುಚ್ಚಳವನ್ನ ಎಳೆದು ಹಿಡಿದರೆ ಗಾಳಿ ನಮ್ಮ ಕಡೆ ಬರುತ್ತೆ. ಬಿರುಕಿನಿಂದ ಏರಲ್ಲಿ ಎಳೆತ ಸಾಲದೆ ಹೋದರೆ ಮುಚ್ಚಳ ಸಡಿಲಾಗಿ ಗಾಳಿ ಗಾಜಿನ ಕಡೆ ತಿರುಗುತ್ತೆ. ಬೇಕಂತಲೇ ಹಾಗೆ ಮಾಡಿದ್ದಾರೆ ಕಣ್ರೀ. ಏನೇ ಕೆಟ್ಟರೂ ಗಾಜು ಮಂಜಾಗಬಾರದು, ಓಡಿಸೋರಿಗೆ ದಾರಿ ಕಾಣಬೇಕು ಅಂತ. ನಮ್ಮ ಮುಖವನ್ನೇ ನೋಡದ ಯಾರೋ ಎಲ್ಲೋ ಕೂತು ಇಷ್ಟು ಯೋಚಿಸಿದ್ದಾರೆ. ಕೈಗೆ ಮಸಿ ಹತ್ತಿದ್ದೂ ಮರೆತು ಹಾಗೇ ನಿಂತುಬಿಟ್ಟೆ.

ಕೊಳವೆ ತರೋಕೆ ಹೋಗ್ತಿದ್ದೀನಿ. ಬಿರುಕಿಗೆ ನಾನು ಸುತ್ತಿರೋ ಟೇಪ್ ಕೀಳಬೇಡಿ. ಕಾಫಿ ಫ್ಲಾಸ್ಕಲ್ಲಿದೆ.

ನಿನ್ನೆ ಜಗಳ ಆದ್ಮೇಲೆ ನನ್ನ ಹತ್ತಿರ ಮಾತು ಬಿಟ್ಟಿದ್ದಿರಿ. ಆದರೂ ನಾನು ಓಡಿಸೋಕೆ ಕೂತ ತಕ್ಷಣ ಇಳಿದುಹೋಗಿ ಮುಂದಿನ ಗಾಜು ಒರೆಸಿ ಬಂದಿರಿ. ಬಾನೆಟ್ ಮುಂದೆ ನಿಂತಾಗ ಅದು ನೆನಪಾಯ್ತು.