ಅವ್ವ ಖಜಾನೆಯಲ್ಲಿ ಹೇಳಿದ ಮಾತು

ನಾಲತವಾಡ
೫ ಡಿಸೆಂಬರ್ ೧೯೭೬

ಅಕ್ಕಾ ಸಿದ್ದಲಿಂಗವ್ವ,

ಇಂಡಿಯಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಅವ್ವನ ಪಿಂಚಣಿಯ ಕೆಲಸ ಸುಸೂತ್ರವಾಗಿ ಮುಗಿಯಿತೆಂದು ಕಾರ್ಡಿನಲ್ಲಿ ತಿಳಿಸಿದ್ದೆ. ಮುಗಿದದ್ದು ಸುಳ್ಳಲ್ಲ. ಹೇಗೆ ಮುಗಿಯಿತೆಂಬುದನ್ನು ಕಾರ್ಡಿನಲ್ಲಿ ಬರೆಯುವಂತಿರಲಿಲ್ಲ, ಅಂಚೆಯವನೂ ಓದುತ್ತಾನೆ.

ನೀನು ಯುಗಾದಿಗೆ ಬಂದಾಗ ನೋಡಿದ್ದಕ್ಕಿಂತ ಅವ್ವನ ಮರೆವು ಈಗ ಬಹಳ ಹೆಚ್ಚಾಗಿದೆ. ನನ್ನನ್ನು ತನ್ನ ತಂಗಿ ಎಂದುಕೊಳ್ಳುತ್ತಾಳೆ. ಹಿಟ್ಟು ನಾದುತ್ತ ಕೂತವಳು ತನ್ನ ಕೈಯನ್ನೇ ನೋಡಿ, ಇದು ಯಾರ ಕೈ ಎಂದು ಕೇಳುತ್ತಾಳೆ. ಆದರೂ ನವೆಂಬರಿನಲ್ಲಿ ಮುದ್ದೇಬಿಹಾಳದ ಖಜಾನೆಗೆ ಹೋಗಿ ತಾನು ಬದುಕಿದ್ದೇನೆಂದು ಮುಖ ತೋರಿಸಲೇಬೇಕಲ್ಲ. ಶಾಲೆಗೆ ರಜೆ ಹಾಕಿ, ಅವಳಿಗೆ ಇಳಕಲ್ ಸೀರೆ ಉಡಿಸಿ, ಬಸ್ಸಿನಲ್ಲಿ ಕರೆದುಕೊಂಡು ಹೋದೆ.

ಅಲ್ಲಿ ಬಸಂತರಾಯ ಎಂಬ ಹೊಸ ಅಧಿಕಾರಿ ಬಂದಿದ್ದಾರೆ. ಒಳ್ಳೆಯ ಮನುಷ್ಯ, ಅವ್ವನಿಗೆ ಸ್ಟೂಲು ತರಿಸಿ ಕೂಡಿಸಿದರು. ಹೆಸರು ಕೇಳಿದಾಗ ಲಕ್ಕವ್ವ ಎಂದಳು. ತೀರಿಹೋದ ಪೊಲೀಸ್ ಹವಾಲ್ದಾರ ಪರಪ್ಪನವರ ಹೆಂಡತಿ ನೀವೇ ಏನು ಎಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು, ನಾನು ಎಷ್ಟೋ ದಿನದಿಂದ ಕೇಳಿರದ ಸ್ಪಷ್ಟ ದನಿಯಲ್ಲಿ ಹೇಳಿದಳು:

“ತೀರಿಹೋದವರು ಅನ್ನಬ್ಯಾಡ್ರಿ. ಅವರು ಮನ್ಯಾಗ ಅದಾರ. ಭಾಳ ದಿನ ನೀರಾಗ ಇದ್ದು ಅಂಗೈ ಮೆತ್ತಗಾಗ್ಯಾವ, ಅದಕ್ಕ ಹೊರಗ ಬರೂದಿಲ್ಲ.”

ಬಸಂತರಾಯರ ಪೆನ್ನು ನಿಂತಿತು. ಅವ್ವನಿಗೆ ಮರೆವಿನ ರೋಗವೆಂದು ನಾನು ಹೇಳುತ್ತಿದ್ದಂತೆಯೇ ಅವರು ಹಳೆಯ ಕಾಗದಗಳನ್ನು ತೆಗೆಸಿದರು. ತಾಳಿಕೋಟೆಯ ಹತ್ತಿರ ಬಂದೋಬಸ್ತಿಗೆ ನಿಂತಿದ್ದ ಅಪ್ಪ ಡೋಣಿ ಹೊಳೆಯ ಮಹಾಪೂರದಲ್ಲಿ ಕೊಚ್ಚಿಹೋದದ್ದು, ಹೆಣ ಕೆಳಗೆಲ್ಲೋ ಜಾಲಿಕಂಟಿಯಲ್ಲಿ ಸಿಕ್ಕದ್ದು, ಮುಖ ತಿಳಿಯದಂತಾಗಿ ಸೊಂಟದ ಬೆಲ್ಟಿನಿಂದ ಅಳಿಯ, ಅಂದರೆ ನಿಮ್ಮ ಮನೆಯವರು, ಗುರುತು ಹಿಡಿದದ್ದು, ಎಲ್ಲವನ್ನೂ ಓದಿದರು. ಗಂಡ ಬದುಕಿದ್ದಾನೆಂದು ಸ್ವತಃ ಹೆಂಡತಿಯೇ ಹೇಳಿದ ಮೇಲೆ ಕೇಳಿಸಲಿಲ್ಲ ಎನ್ನುವಂತಿಲ್ಲ, ಮನೆಗೆ ಬಂದು ವಿಚಾರಿಸುವವರೆಗೆ ಹಣ ತಡೆಹಿಡಿಯುತ್ತೇನೆ ಎಂದರು.

ಅಂದಿನಿಂದ ನಾನು ಮನೆಯನ್ನು ಗಮನಿಸತೊಡಗಿದೆ. ಪಡಸಾಲೆಯಲ್ಲಿ ಅಪ್ಪನ ಕಟ್ಟಿಗೆ ಕುರ್ಚಿ ಇದೆಯಲ್ಲ, ಸಂಜೆಯಾದರೆ ಅದು ಒದ್ದೆಯಾಗಿರುತ್ತಿತ್ತು. ಅವ್ವ ನೀರು ಚೆಲ್ಲುತ್ತಾಳೆಂದು ಒರೆಸಿ ಬಿಡುತ್ತಿದ್ದೆ. ಒಂದು ರವಿವಾರ ಶೇಂಗಾ ಹಿಂಡಿ ಕುಟ್ಟುವ ನೆಪದಲ್ಲಿ ಅವಳನ್ನು ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಕೂಡಿಸಿಕೊಂಡೆ. ಹೊರಗೆ ಬಂದು ಮುಟ್ಟಿದರೆ ಕುರ್ಚಿ ಹಸಿ. ದೀಪಾವಳಿಯ ನಂತರ ನಮ್ಮಲ್ಲಿ ಹನಿ ಮಳೆಯಿಲ್ಲ, ಮಾಳಿಗೆ ಸೋರುವ ಮಾತೇ ಇಲ್ಲ. ಅದೇ ವಾರ ಪಕ್ಕದ ಮನೆಯ ಗುಂಡವ್ವ, ನಿಮ್ಮಲ್ಲಿ ಗಂಡಸರ ಕೆಮ್ಮು ಕೇಳಿತು, ಬೀಗರು ಯಾರಾದರೂ ಬಂದಿದ್ದಾರೇನು ಎಂದು ಕೇಳಿದಳು. ನಾನು ನಕ್ಕೆ. ಒಳಗೆ ಬಂದು ಅಗಳಿ ಹಾಕಿದೆ. ಹಾಗಾದರೆ ಈಗ ಯಾರ ಜೊತೆ ಒಳಗಿದ್ದೇನೆ ಎಂಬ ಯೋಚನೆ ಬಂದು ಮತ್ತೆ ತೆರೆದಿಟ್ಟೆ.

ಬಸಂತರಾಯರು ಮಟಮಟ ಮಧ್ಯಾಹ್ನ ಬಂದರು. ಗುಂಡವ್ವನನ್ನು ಸಾಕ್ಷಿಗೆ ಕರೆದುಕೊಂಡು ಕೋಣೆ, ದನದ ಕೊಟ್ಟಿಗೆ, ಮಾಳಿಗೆ ಎಲ್ಲ ನೋಡಿದರು. ಯಾರೂ ಇರಲಿಲ್ಲ. ಅವರ ಮುಖ ಹಗುರಾಯಿತು. ಪಡಸಾಲೆಗೆ ಬಂದು ಅಪ್ಪನ ಕುರ್ಚಿಯಲ್ಲಿ ಕೂಡಲು ಹೋದರು.

“ಅಲ್ಲಿ ಬ್ಯಾಡ್ರಿ ಸಾಹೇಬ್ರ,” ಎಂದಳು ಅವ್ವ. “ಈಗರ ಎದ್ದು ಹೋದ್ರು. ಹಸಿ ಐತಿ.”

ಅವರು ಕುರ್ಚಿಯ ಮೇಲೆ ಅಂಗೈ ಊರಿದರು. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡು, ಚಹಾ ಬೇಡವೆಂದು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ನಾನು ಹಿಂದೆಯೇ ಹೋದೆ. ತಾಯಿಯ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಡಾಕ್ಟರರಿಂದ ಬರೆಸಿ ತಂದರೆ ಅವಳ ಪರವಾಗಿ ಹಣ ನನ್ನ ಕೈಗೆ ಬರುವಂತೆ ಮಾಡುತ್ತೇನೆ ಎಂದರು. ಅದು ಎಂಥ ವಾಸನೆ ಎಂದು ಕೇಳಿಯೇಬಿಟ್ಟೆ.

“ಮನ್ಯಾಗ ಯಾರೂ ಇಲ್ಲ ಅಂತ ಬರಿತೇನಿ ತಂಗಿ,” ಎಂದರು. “ಕಂಡದ್ದಷ್ಟ ಬರಿಯೂದು ನನ್ನ ಕೆಲಸ.”

ತಾಳಿಕೋಟೆಯ ಡಾಕ್ಟರರು ಬರೆದುಕೊಟ್ಟರು. ಕೆಳಗೆ ನಾನೂ ಒಂದು ಹೇಳಿಕೆಗೆ ಸಹಿ ಮಾಡಬೇಕಿತ್ತು: ನನ್ನ ತಾಯಿ ಆಡುವ ಯಾವ ಮಾತೂ ನಂಬಲು ಯೋಗ್ಯವಲ್ಲ. ಅವ್ವ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದಳು. ಸಹಿ ಮಾಡಿದೆ ಅಕ್ಕಾ. ನಮ್ಮಿಬ್ಬರಿಗೂ ಜ್ವರ ಬಂದಾಗ ನಿದ್ದೆಗೆಟ್ಟು ಕಾದವಳು ಅವಳು, ನಾನು ಮಾತು ಕಲಿತದ್ದೇ ಅವಳಿಂದ.

ಪಿಂಚಣಿ ಬಂತು. ಅವ್ವನಿಗೆ ಉಣ್ಣೆಯ ಹೊದಿಕೆ ತಂದೆ, ದಿನಾ ಎಮ್ಮೆಯ ಹಾಲು ಹಾಕಿಸುತ್ತಿದ್ದೇನೆ. ಆದರೆ ಸಹಿ ಮಾಡಿದ ದಿನದಿಂದ ಅವಳು ಅಪ್ಪನ ವಿಷಯ ನನ್ನೆದುರು ಎತ್ತುವುದಿಲ್ಲ. ಕುರ್ಚಿಯ ಕಡೆ ಬಾಗಿ ಸಣ್ಣ ದನಿಯಲ್ಲಿ ಮಾತಾಡುತ್ತಿರುತ್ತಾಳೆ, ನಾನು ಒಳಗೆ ಬಂದರೆ ನಿಲ್ಲಿಸುತ್ತಾಳೆ. ಹೊರಗಿನವರು ಬಂದಾಗ ಗಂಡ ಹೆಂಡತಿ ಮಾತು ನಿಲ್ಲಿಸುತ್ತಾರಲ್ಲ, ಹಾಗೆ. ಹೆದರಿಕೆಗಿಂತ ಅದೇ ನನಗೆ ಹೆಚ್ಚು ನೋಯುತ್ತದೆ.

ಅಕ್ಕಾ, ಹೆಣವನ್ನು ನಾನು ನೋಡಲಿಲ್ಲ, ನಿಮ್ಮ ಮನೆಯವರು ನೋಡಿದ್ದಾರೆ. ಅಪ್ಪನ ಎಡಗಿವಿ ಸ್ವಲ್ಪ ಹರಿದಿತ್ತು. ಬೆಲ್ಟಲ್ಲದೆ ಆ ಕಿವಿಯನ್ನೂ ನೋಡಿದ್ದರೇ ಎಂದು ಕೇಳಿ ಬರೆ. ನೋಡಿರದಿದ್ದರೂ ನೋಡಿದ್ದರೆಂದೇ ಬರೆ.

ನಿನ್ನ ತಂಗಿ,
ಇಂದುಬಾಯಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅವ್ವ ಹತ್ತಿರ ಬಂದು, ಅಕ್ಕನಿಗೆ ಏನು ಬರೆದೆ, ಗಟ್ಟಿಯಾಗಿ ಓದು ಎಂದಳು. ಅವಳಿಗೆ ಅಕ್ಷರ ಬಾರದು, ಈಗಂತೂ ಎರಡು ಮಾತು ಸೇರಿಸಿ ತಿಳಿದುಕೊಳ್ಳಲಾರಳು. ಓದಿದೆ. ಡಾಕ್ಟರರ ಸಂಗತಿ ಬಂದಾಗ ದನಿ ತಡವರಿಸದಂತೆ ಅದನ್ನು ದಾಟಿ, ಉಣ್ಣೆಯ ಹೊದಿಕೆಗೆ ಬಂದೆ. ಅವ್ವ ಕುರ್ಚಿಯ ಕಡೆ ಕಿವಿಗೊಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ನಡುವ ಒಂದೀಟು ಬಿಟ್ಟಿಯಂತ. ಅದನ್ನೂ ಓದು ಅನ್ನಾಕತ್ತಾರ.”